ಯಾವ ಕಡಲತೀರ ಎಂದು ಕೇಳುವ ಮೊದಲು

ಕಳೆದ ವಾರ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಯುವಕನೊಬ್ಬ ತನ್ನ ದೊಡ್ಡಪ್ಪನಿಗೆ ಹೇಳುತ್ತಿದ್ದ: “ಜುಲೈನಲ್ಲಿ ಶ್ರೀಲಂಕಾಗೆ ಹೋಗ್ತಿದೀವಿ ದೊಡ್ಡಪ್ಪ. ಹಿಕ್ಕಡುವದಲ್ಲೇ ರೂಮು. ಸ್ನಾರ್ಕ್ಲಿಂಗ್‌ಗೆ ಅದೇ ನಂಬರ್ ಒನ್ ಬೀಚಂತೆ.” ದೊಡ್ಡಪ್ಪ, “ಆಗ ಅಲ್ಲಿ ಮಳೆ ಇರಲ್ವೇನೋ?” ಎಂದರು. “ದ್ವೀಪ ಅಲ್ವಾ, ವರ್ಷಪೂರ್ತಿ ಬಿಸಿಲೇ” ಎಂದು ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಮಾತು ನಿವೇಶನದ ಬೆಲೆಯ ಕಡೆಗೆ ಹೊರಳಿತು. ನನಗೆ ಮಾತ್ರ ಆ ಎರಡು ಪದಗಳು, ಜುಲೈ ಮತ್ತು ಹಿಕ್ಕಡುವ, ಒಟ್ಟಿಗೆ ಕೇಳಿದ್ದು ವಾರವಿಡೀ ಕಾಡಿತು.

ಜುಲೈ ತಿಂಗಳಲ್ಲಿ ಹಿಕ್ಕಡುವ ನೈಋತ್ಯ ಮಾರುತಕ್ಕೆ ಎದೆಯೊಡ್ಡಿ ನಿಂತಿರುತ್ತದೆ. ಅಲೆಗಳು ದಡದ ಮರಳನ್ನೆಲ್ಲ ಕಲಕಿ ನೀರು ಬಗ್ಗಡವಾಗಿರುತ್ತದೆ. ಕನ್ನಡಕ ಕಟ್ಟಿಕೊಂಡು ಮುಖ ಮುಳುಗಿಸಿದರೆ ಕಾಣುವುದು ಹಸಿರು ಮಸುಕು. ಅದೇ ದಿನ, ಅದೇ ದ್ವೀಪದ ಇನ್ನೊಂದು ಬದಿಯಲ್ಲಿ, ತ್ರಿಂಕೋಮಲಿಯ ಉತ್ತರಕ್ಕಿರುವ ನಿಲಾವೆಲಿಯಲ್ಲಿ ಕಡಲು ಕೆರೆಯಷ್ಟು ಶಾಂತವಾಗಿ, ನೀರಿನ ತಳ ಕಾಣುವಷ್ಟು ತಿಳಿಯಾಗಿರುತ್ತದೆ. ಅಲ್ಲಿಂದ ಇಲ್ಲಿಗೆ ಅರ್ಧ ದಿನದ ರಸ್ತೆ.

‘ನೋಡಲೇಬೇಕಾದ ಹತ್ತು ಬೀಚುಗಳು’ ಎಂಬಂಥ ಪಟ್ಟಿಗಳ ಮೇಲೆ ನನಗಿರುವ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದಲ್ಲ. ಜಲಪಾತಗಳ ಬಗ್ಗೆ ಬರೆದಾಗಲೂ, ಏಪ್ರಿಲ್‌ನಲ್ಲಿ ಜೋಗಕ್ಕೆ ಹೋಗಿ ಒಣಬಂಡೆ ನೋಡಿ ಬಂದವರ ವಿಷಯ ಹೇಳಿದ್ದೆ. ಊರಿಗೆ ನಕ್ಷತ್ರ ಕೊಡುತ್ತಾರೆ, ತಿಂಗಳು ಹೇಳುವುದಿಲ್ಲ. ಕಡಲತೀರಕ್ಕೆ ಹೋಟೆಲಿನ ಕೋಣೆಯ ಹಾಗೆ ಸ್ಥಿರವಾದ ಗುಣ ಇರುವುದಿಲ್ಲ. ಅದರ ಗುಣವನ್ನು ನಿರ್ಧರಿಸುವುದು ಗಾಳಿ. ಗಾಳಿ ವರ್ಷಕ್ಕೆರಡು ಬಾರಿ ದಿಕ್ಕು ಬದಲಿಸುವ ಹಿಂದೂ ಮಹಾಸಾಗರದಲ್ಲಿ ತಿಂಗಳಿಲ್ಲದ ಪಟ್ಟಿ ಜನರನ್ನು ದಾರಿ ತಪ್ಪಿಸುತ್ತದೆ. ಇದನ್ನು ನಾನು ಮೃದುವಾಗಿ ಹೇಳಲಾರೆ.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಶ್ರೀಲಂಕಾದ ಪಶ್ಚಿಮ ಮತ್ತು ದಕ್ಷಿಣ ತೀರದ ಮೇಲೆ ಮುಂಗಾರಿನ ಗಾಳಿ ಬೀಸುತ್ತದೆ. ನಡುವಿನ ಮಲೆನಾಡನ್ನು ಏರುವಾಗ ಮಳೆಯನ್ನೆಲ್ಲ ಸುರಿಸಿ, ಆಚೆ ಬದಿಗೆ ಇಳಿಯುವಾಗ ಒಣಗಾಳಿಯಾಗುತ್ತದೆ. ಆಗುಂಬೆಯಲ್ಲಿ ಧೋ ಎಂದು ಸುರಿಯುವಾಗ ಚಳ್ಳಕೆರೆಯವರು ಬರಿಯ ಮೋಡ ನೋಡುತ್ತಾರಲ್ಲ, ಅದನ್ನು ಮಾಡುವುದೂ ಇದೇ ಗಾಳಿಯೇ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಈಶಾನ್ಯದಿಂದ ಹಿಂಗಾರು ಬೀಸಿ ಎಲ್ಲ ತಿರುಗುಮುರುಗಾಗುತ್ತದೆ. ಆಗ ಪೂರ್ವದ ಕಡಲು ಕೆರಳುತ್ತದೆ. ಬೆಂತೋಟ, ಹಿಕ್ಕಡುವ, ಉನವಟುನ, ಮಿರಿಸ್ಸ ತಣ್ಣಗಾಗುತ್ತವೆ. ಪ್ರವಾಸಿಗರಷ್ಟೇ ಅಲ್ಲ, ನೀಲಿ ತಿಮಿಂಗಿಲ ನೋಡಿಸುವ ದೋಣಿಗಳೂ ಹೀಗೆಯೇ ದಡ ಬದಲಿಸುತ್ತವೆ: ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಿರಿಸ್ಸ, ಮುಂಗಾರಿನಲ್ಲಿ ತ್ರಿಂಕೋಮಲಿ.

ತ್ರಿಂಕೋಮಲಿಯ ಹೆಸರು ಬಂತು. ಕಡಲದಾರಿಗಳ ಬಗ್ಗೆ ನಾನು ಬರೆದ ಲೇಖನಗಳನ್ನು ಓದಿದವರಿಗೆ ಮುಂದೇನು ಬರುತ್ತದೆಂದು ಗೊತ್ತಿರುತ್ತದೆ. ಆದರೂ ಹೇಳಲೇಬೇಕು. ರಜೆಗೆ ದಡ ಆರಿಸುವವರು ಇಂದು ಕೇಳಬೇಕಾದ ಪ್ರಶ್ನೆಯನ್ನು ಹದಿನೆಂಟನೇ ಶತಮಾನದ ನೌಕಾಪಡೆಗಳು ಪ್ರಾಣ ಪಣಕ್ಕಿಟ್ಟು ಕೇಳಿಕೊಳ್ಳುತ್ತಿದ್ದವು. ಕೋರಮಂಡಲ ತೀರದಲ್ಲಿ ಹಿಂಗಾರಿನಿಂದ ಹಡಗುಗಳನ್ನು ಕಾಪಾಡುವ ಬಂದರು ಒಂದೂ ಇರಲಿಲ್ಲ. ಮದರಾಸಿನಲ್ಲಿ ಹಡಗುಗಳು ಬಟಾಬಯಲು ಕಡಲಿನಲ್ಲೇ ಲಂಗರು ಹಾಕಬೇಕಿತ್ತು. ಅಕ್ಟೋಬರ್ ನಡುವಿನೊಳಗೆ ಅಲ್ಲಿಂದ ಜಾಗ ಖಾಲಿ ಮಾಡಬೇಕೆಂಬುದು ಎಲ್ಲ ಕಪ್ತಾನರಿಗೂ ತಿಳಿದ ಪಾಠ. 1746ರ ಸೆಪ್ಟೆಂಬರ್‌ನಲ್ಲಿ ಫ್ರೆಂಚರ ಲಾ ಬೂರ್ದೊನೇ ಮದರಾಸನ್ನು ಗೆದ್ದ. ಗೆದ್ದ ಊರಿನ ಹಣದ ಲೆಕ್ಕಾಚಾರದಲ್ಲಿ ಅಕ್ಟೋಬರ್‌ವರೆಗೆ ಅಲ್ಲೇ ಉಳಿದ. ತಿಂಗಳ ನಡುವೆ ಎದ್ದ ಬಿರುಗಾಳಿ ಅವನ ಹಡಗುಪಡೆಯನ್ನು ಧ್ವಂಸ ಮಾಡಿತು. ಶತ್ರುವಿನಿಂದ ಆಗದ ಕೆಲಸವನ್ನು ಹಿಂಗಾರು ಮಾಡಿ ಮುಗಿಸಿತ್ತು.

ತ್ರಿಂಕೋಮಲಿಗೆ ಬೆಲೆ ಬಂದದ್ದು ಇದರಿಂದ. ಅದರ ಒಳಬಂದರು ಗುಡ್ಡಗಳ ನಡುವೆ ಅಡಗಿದ, ಬಹಳ ಆಳವಾದ ನೀರು. ಎರಡೂ ಮಾರುತಗಳಿಗೆ ಅಲ್ಲಿ ಪ್ರವೇಶವಿಲ್ಲ. 1782ರ ಜನವರಿಯಲ್ಲಿ ಇಂಗ್ಲಿಷರು ಅದನ್ನು ಡಚ್ಚರಿಂದ ಕಿತ್ತುಕೊಂಡರು. ಇದು ನಮ್ಮ ಹೈದರ್ ಅಲಿಯ ಎರಡನೇ ಮೈಸೂರು ಯುದ್ಧದ ಕಾಲ. ಫ್ರೆಂಚ್ ನೌಕಾಧಿಪತಿ ಸಫ್ರೆನ್ ಅದೇ ವರ್ಷದ ಜುಲೈ ಕೊನೆಯಲ್ಲಿ ಕಡಲೂರಿನಲ್ಲಿ ಹೈದರನನ್ನು ಭೇಟಿಯಾದ. ಆಗಸ್ಟ್ ಕೊನೆಗೆ ತ್ರಿಂಕೋಮಲಿಯನ್ನು ಹಿಡಿದ. ಇಂಗ್ಲಿಷರ ಎಡ್ವರ್ಡ್ ಹ್ಯೂಸ್ ಸೆಪ್ಟೆಂಬರ್ ಮೊದಲ ವಾರ ಅಲ್ಲಿಗೆ ತಲುಪುವಷ್ಟರಲ್ಲಿ ಕೋಟೆಯ ಮೇಲೆ ಫ್ರೆಂಚ್ ಬಾವುಟ ಹಾರುತ್ತಿತ್ತು. ಇಬ್ಬರೂ ಹೊರಗಡಲಿನಲ್ಲಿ ಕಾದಾಡಿದರು. ಆಮೇಲೆ ಹಿಂಗಾರು ಬಂತು. ಆಶ್ರಯ ಕಳೆದುಕೊಂಡ ಹ್ಯೂಸ್ ಹಡಗುಗಳ ರಿಪೇರಿಗೆ ಮುಂಬಯಿಯವರೆಗೆ ಹೋಗಬೇಕಾಯಿತು, ಸಫ್ರೆನ್ ಸುಮಾತ್ರಾ ದ್ವೀಪಕ್ಕೆ ಹೋದ. ಯುದ್ಧದ ಪಂಚಾಂಗವನ್ನು ಗಾಳಿ ಬರೆದಿತ್ತು.

ವಿಷಯ ಬಿಟ್ಟು ಎಲ್ಲಿಗೋ ಹೋದೆ ಎಂದುಕೊಳ್ಳಬೇಡಿ. 1961ರ ಒಂದು ಘಟನೆಯನ್ನೂ ಸೇರಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ವೈಜ್ಞಾನಿಕ ಕತೆಗಾರ ಆರ್ಥರ್ ಸಿ. ಕ್ಲಾರ್ಕ್ 1956ರಲ್ಲಿ ಸಿಲೋನಿಗೆ ಬಂದು ನೆಲೆಸಿದ್ದೇ ಡೈವಿಂಗಿನ ಆಸೆಯಿಂದ. ದ್ವೀಪದ ಆಗ್ನೇಯ ಮೂಲೆಯಲ್ಲಿ, ದೀಪಸ್ತಂಭವಿರುವ ಗ್ರೇಟ್ ಬಾಸಸ್ ಬಂಡೆಸಾಲಿನಲ್ಲಿ ಅವರ ಗೆಳೆಯ ಮೈಕ್ ವಿಲ್ಸನ್ ಮುಳುಗಿದ ಹಡಗೊಂದನ್ನು ಪತ್ತೆಮಾಡಿದರು. ಅದರಲ್ಲಿ ಸಿಕ್ಕಿದ್ದು ಔರಂಗಜೇಬನ ಕಾಲದ ಸೂರತ್ ಟಂಕಸಾಲೆಯ ಬೆಳ್ಳಿ ರೂಪಾಯಿಗಳು. ಆ ಬಂಡೆಸಾಲಿನಲ್ಲಿ ಇಂದಿಗೂ ಡೈವಿಂಗ್ ಮಾಡಲು ಸಿಗುವುದು ಮಾರ್ಚ್–ಏಪ್ರಿಲ್‌ನ ಕೆಲವು ವಾರ ಮಾತ್ರ. ಒಂದು ಮಾರುತ ಹೋಗಿ ಇನ್ನೊಂದು ಬರುವ ಮೊದಲಿನ ಬಿಡುವು ಅದು. ಉಳಿದಂತೆ ವರ್ಷವೆಲ್ಲ ಅಲ್ಲಿ ನೊರೆ ಕುದಿಯುತ್ತಿರುತ್ತದೆ.

ಹಾಗಾದರೆ ಕೆರಳಿದ ಕಡಲು ಕೆಟ್ಟದ್ದು, ಶಾಂತ ಕಡಲು ಒಳ್ಳೆಯದು ಎನ್ನಬಹುದೇ? ಅದೂ ಆಗದು. ಕೈಟ್ ಸರ್ಫಿಂಗ್ ಮಾಡುವವರಿಗೆ ಬೇರೆಯವರು ಹೆದರುವ ಗಾಳಿಯೇ ಬೇಕು. ವಾಯವ್ಯದ ಕಲ್ಪಿಟಿಯದಲ್ಲಿ ಮೇ–ಅಕ್ಟೋಬರ್ ಒಂದು ಹಂಗಾಮು, ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಇನ್ನೊಂದು. ಅಲ್ಲಿ ಬೀಸುಗಾಳಿ ಇದ್ದರೂ ಹಿನ್ನೀರು ಸಮತಟ್ಟಾಗಿರುತ್ತದೆ. ಸರ್ಫಿಂಗ್‌ನವರಿಗೆ ಅಲೆ ಬೇಕು, ಆದರೆ ಗಾಳಿ ನೆಲದ ಕಡೆಯಿಂದ ಬರಬೇಕು. ಪೂರ್ವದ ಅರುಗಂ ಕೊಲ್ಲಿಗೆ ಮೇ–ಸೆಪ್ಟೆಂಬರ್‌ನಲ್ಲಿ ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿದ ಉಬ್ಬಲೆ ಬಂದು, ಕಡಲಿಗೆ ಚಾಚಿದ ಮೂಲೆಯನ್ನು ಸುತ್ತಿ ಉದ್ದಕ್ಕೂ ಒಂದೇ ಹದದಲ್ಲಿ ಮುರಿಯುತ್ತದೆ. ನೆಲದ ಗಾಳಿ ಎದುರಿನಿಂದ ಅದರ ಮುಖವನ್ನು ನೇರ್ಪುಗೊಳಿಸುತ್ತದೆ. ಹೊಸದಾಗಿ ಹಲಗೆ ಹತ್ತುವವರಿಗೆ ಚಳಿಗಾಲದ ವೆಲಿಗಾಮ ಸರಿ. ಕೊಲ್ಲಿಯ ತಳ ಮರಳು, ಬಿದ್ದರೆ ಕಲ್ಲು ತಗಲುವುದಿಲ್ಲ. ಮೂಲ್ಕಿ, ಸಸಿಹಿತ್ಲುಗಳಲ್ಲಿ ಕಲಿತ ನಮ್ಮ ಹುಡುಗರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳೊಂದಿಗೆ ಹೋಗುವವರಿಗೆ ಬೇಸಿಗೆಯ ಪಾಸಿಕುಡ. ಅಷ್ಟು ದೂರ ನಡೆದರೂ ನೀರು ಸೊಂಟ ದಾಟುವುದಿಲ್ಲ. ಜೆಟ್ ಸ್ಕೀ, ವಾಟರ್ ಸ್ಕೀ ಬೇಕೆಂದರೆ ಬೆಂತೋಟ. ಆಟ ನಡೆಯುವುದು ಮರಳುದಿಬ್ಬದ ಹಿಂದಿನ ನದಿಯಲ್ಲಿ.

ಯಾವ ದಡದಲ್ಲೇ ಆಗಲಿ, ನೀರಿಗಿಳಿಯುವ ಮುನ್ನ ಹತ್ತು ನಿಮಿಷ ಸುಮ್ಮನೆ ನಿಂತು ಅಲೆ ಮುರಿಯುವ ಸಾಲನ್ನು ನೋಡಬೇಕು. ಎರಡು ಕಡೆ ನೊರೆ ಮುರಿಯುತ್ತಾ ನಡುವೆ ಒಂದು ಓಣಿಯಷ್ಟು ಜಾಗದಲ್ಲಿ ಅಲೆಯೇ ಇಲ್ಲದೆ, ನೀರು ಕಡುಬಣ್ಣಕ್ಕೆ ತಿರುಗಿ, ಮೇಲೆ ಕಸಕಡ್ಡಿ ಕಡಲಿನತ್ತ ಸಾಗುತ್ತಿದ್ದರೆ ಅಲ್ಲಿ ಇಳಿಯಬಾರದು. ಈಜು ಬಾರದವರು ಶಾಂತವಾಗಿದೆ ಎಂದು ಆರಿಸಿಕೊಳ್ಳುವುದು ಸರಿಯಾಗಿ ಆ ಓಣಿಯನ್ನೇ. ದಡಕ್ಕೆ ಬಂದ ನೀರೆಲ್ಲ ವಾಪಸು ಹೋಗುವ ದಾರಿ ಅದು. ಸಿಕ್ಕಿಬಿದ್ದರೆ ಎದುರು ಈಜಿ ಸೋಲಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು.

ಇಲ್ಲಿಗೆ ಉತ್ತರ ಸಿಕ್ಕಿತು, ತಿಂಗಳು ಸರಿಹೋದರೆ ದಡ ಸರಿಹೋಗುತ್ತದೆ ಎನ್ನಿಸಿತ್ತು. ಆದರೆ ಆ ಯುವಕ ಜುಲೈ ಬಿಟ್ಟು ಜನವರಿಯಲ್ಲೇ ಹಿಕ್ಕಡುವಕ್ಕೆ ಹೋದನೆಂದುಕೊಳ್ಳೋಣ. ನೀರು ತಿಳಿ, ಗಾಳಿ ಬೆನ್ನ ಹಿಂದೆ. ಮುಖ ಮುಳುಗಿಸಿದರೆ ಅವನಿಗೆ ಏನು ಕಾಣುತ್ತದೆ? ಕಡಲು ಒಂದೆರಡು ಡಿಗ್ರಿ ಹೆಚ್ಚು ಕಾದು ವಾರಗಟ್ಟಲೆ ಹಾಗೇ ಉಳಿದರೆ ಹವಳದ ಜೀವಿ ತನಗೆ ಅನ್ನ ಕೊಡುವ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ; ಬೇಗ ತಂಪಾಗದಿದ್ದರೆ ಸಾಯುತ್ತದೆ. 1998ರಲ್ಲಿ ಹಿಕ್ಕಡುವದ ಹವಳದ ಬಹುಪಾಲು ಹೀಗೆ ಹೋಯಿತು. 2016ರಲ್ಲಿ ಶ್ರೀಲಂಕಾದ ಸುತ್ತ ಮತ್ತೊಮ್ಮೆ ಹವಳ ಬಿಳಿಚಿತು. ಉಳಿದದ್ದರ ಮೇಲೆ ಗಾಜುತಳದ ದೋಣಿಗಳು ತಗ್ಗುನೀರಿನಲ್ಲಿ ಉಜ್ಜುತ್ತವೆ. ದಣಿದವರು ಹವಳದ ಮೇಲೇ ಕಾಲೂರಿ ನಿಲ್ಲುತ್ತಾರೆ. ಜಿಂಕೆಯ ಕೊಂಬಿನಂಥ ಕವಲು ಮುರಿದ ಜಾಗ ಮೊದಲು ಬೆಳ್ಳಗೆ, ಆಮೇಲೆ ಪಾಚಿಗಟ್ಟಿ ಕಂದಾಗಿ ಕಾಣುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತೆಂದು ನನಗೆ ಹೊಳೆದದ್ದು ಇಲ್ಲಿ. ನಾವು ಆಡುವ ನೀರನ್ನು ಶಾಂತವಾಗಿ ಇಟ್ಟಿರುವುದು ಯಾವುದು? ಗಾಳಿ ಬಂದು ಹೋಗುತ್ತದೆ. ಹೊರಗಡಲಿನ ಅಲೆಯನ್ನು ದಡದ ಮುಂದೆ ನಿಂತು ತಡೆದು, ಒಳಗೆ ಮಕ್ಕಳು ಈಜುವಷ್ಟು ನೀರನ್ನು ಸುಮ್ಮನಿರಿಸುವುದು ಆ ಹವಳದ ದಿಬ್ಬ. ಹವಳವನ್ನು ಸುಣ್ಣದ ಗೂಡುಗಳಿಗಾಗಿ ಕಿತ್ತು ಸುಡುವುದು ಆ ತೀರದಲ್ಲಿ ಬಹುಕಾಲ ನಡೆದಿತ್ತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅದರ ಫಲ ಕಂಡಿತು. ಮರುವರ್ಷ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹವಳದ ದಿಬ್ಬವನ್ನು ಅಗೆಯದೆ ಉಳಿಸಿಕೊಂಡಿದ್ದ ಹಿಕ್ಕಡುವದಲ್ಲಿ ಅಲೆಯ ಎತ್ತರ ಎರಡು ಮೂರು ಮೀಟರ್. ಅದು ಒಳನುಗ್ಗಿದ್ದು ಸುಮಾರು 50 ಮೀಟರ್. ಬರೀ ಮೂರು ಕಿಲೋಮೀಟರ್ ಉತ್ತರಕ್ಕೆ, ಹವಳ ಅಗೆದು ಹೋಗಿದ್ದ ಪೆರಳಿಯದಲ್ಲಿ ಅಲೆಯ ಎತ್ತರ ಸುಮಾರು ಹತ್ತು ಮೀಟರ್; ನುಗ್ಗಿದ್ದು ಒಂದೂವರೆ ಕಿಲೋಮೀಟರ್. ಗಾಲೆ ದಾರಿಯ ರೈಲೊಂದು ಆಗ ನಿಂತಿದ್ದದ್ದು ಅಲ್ಲಿಯೇ. ಅಲೆಗೆ ಸಿಕ್ಕ ಆ ರೈಲಿನೊಂದಿಗೆ ಸುಮಾರು 1,700 ಜನ ಹೋದರು.

ಹಿಕ್ಕಡುವ 1979ರಿಂದ ರಕ್ಷಿತ ಕಡಲು, 2002ರಿಂದ ರಾಷ್ಟ್ರೀಯ ಉದ್ಯಾನ. ನಿಲಾವೆಲಿಯ ಎದುರಿಗಿರುವ ಪಿಜನ್ ಐಲ್ಯಾಂಡ್ 2003ರಿಂದ ರಾಷ್ಟ್ರೀಯ ಉದ್ಯಾನ. ಆ ಕಡೆಯ ಹವಳ 1998ರಲ್ಲಿ ಬಹುತೇಕ ಬದುಕಿ ಉಳಿದಿತ್ತು. 2009ರಲ್ಲಿ ಶ್ರೀಲಂಕಾದ ಅಂತರ್ಯುದ್ಧ ಮುಗಿದ ಮೇಲೆ ದೋಣಿದೋಣಿ ಜನ ಅಲ್ಲಿಗೆ ಇಳಿಯತೊಡಗಿದರು. ಕಾನೂನು ಕಾವಲುಗಾರನಿರುವಷ್ಟು ಹೊತ್ತು ಕೆಲಸ ಮಾಡುತ್ತದೆ. ಉಳಿದ ಹೊತ್ತು ಹವಳ ನೀರಿಗಿಳಿದವರ ವಿವೇಕಕ್ಕೆ ಬಿಟ್ಟದ್ದು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುಂಗಾರಿನಲ್ಲಿ ಹೋಗುವುದಾದರೆ ದ್ವೀಪದ ಪೂರ್ವಕ್ಕೆ ಹೋಗಿ, ಹಿಂಗಾರಿನಲ್ಲಿ ದಕ್ಷಿಣ–ಪಶ್ಚಿಮಕ್ಕೆ. ಟಿಕೆಟ್ ಕಾದಿರಿಸುವ ಮುನ್ನ ಊರಿನ ಹೆಸರಿನ ಜೊತೆ ತಿಂಗಳನ್ನೂ ಸೇರಿಸಿ ವಿಚಾರಿಸಿ. ನೀರಿಗಿಳಿಯುವ ಮುನ್ನ ಅಲ್ಲಿನ ಮೀನುಗಾರರನ್ನು ಒಂದು ಮಾತು ಕೇಳಿ, ಅವರು ಬೇಡವೆಂದ ದಿನ ಇಳಿಯಬೇಡಿ. ಲೈಫ್ ಜಾಕೆಟ್ ಹಾಕಿಕೊಂಡು ತೇಲಿ, ದಣಿದರೆ ಮರಳಿಗೆ ಮರಳಿ. ಯಾವ ಕಾರಣಕ್ಕೂ ಹವಳದ ಮೇಲೆ ಕಾಲಿಡಬೇಡಿ, ತುಂಡನ್ನು ಮನೆಗೆ ತರಬೇಡಿ. ಕವಲುಹವಳ ವರ್ಷಕ್ಕೆ ಬೆಳೆಯುವುದು ಕೆಲವೇ ಸೆಂಟಿಮೀಟರ್, ಗುಂಡುಹವಳವಂತೂ ಒಂದು ಸೆಂಟಿಮೀಟರೂ ಬೆಳೆಯುವುದು ಕಷ್ಟ.