ಪಾಸಾಗ್ತಾನೇನ್ರೀ ಸರ್?

ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ತಮ್ಮನ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ತೊಗರಿ ರಾಶಿ ಅರ್ಧಕ್ಕೇ ಬಿಟ್ಟು ಅಪ್ಪ ಹೊರಟರು, ಜೊತೆಗೆ ನಾನೂ ಹೋದೆ. ತಮ್ಮ ಈ ವರ್ಷ ಎಸ್ಸೆಸ್ಸೆಲ್ಸಿ. ಒಂದೂವರೆ ತಾಸಿನ ಸಭೆಯಲ್ಲಿ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ನಮ್ಮ ಹುಡುಗ ಪಾಸಾಗ್ತಾನೇನ್ರೀ ಸರ್?’ ಸರ್ ಕೊಟ್ಟಿದ್ದೂ ಒಂದೇ ಉತ್ತರ: ‘ಓದಿದ್ರ ಆಗ್ತಾನ್ರೀ. ಮನ್ಯಾಗ ಮೊಬೈಲ್ ಕೊಡಬ್ಯಾಡ್ರಿ.’ ಹುಡುಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಅಂದು ರಾತ್ರಿ ತಮ್ಮನಿಗೆ ಲೆಕ್ಕ ಹೇಳಿಕೊಡಲು ಕುಳಿತೆ. ವರ್ಗ ಸಮೀಕರಣದ ಸೂತ್ರ ಬಾಯಿಪಾಠ ಬಂತು. ನಡುವೆ ಎರಡರಲ್ಲಿ ಒಂದಕ್ಕೆ ಮೂರರಲ್ಲಿ ಒಂದನ್ನು ಕೂಡಿಸಬೇಕಾಗಿ ಬಂದಾಗ ಐದರಲ್ಲಿ ಎರಡು ಎಂದು ಬರೆದ. ಪ್ರಾಥಮಿಕ ಶಾಲೆಯಲ್ಲೇ ಕಲಿಯಬೇಕಾದ ಲೆಕ್ಕ ಅದು. ಆದರೆ 206ರ ಲೆಕ್ಕ ಮಾತ್ರ ಅವನಿಗೆ ಪಕ್ಕಾ ಗೊತ್ತು. ಈ ವರ್ಷದಿಂದ ಎಸ್ಸೆಸ್ಸೆಲ್ಸಿ ಪಾಸಾಗಲು ಶೇ 35 ಬೇಕಿಲ್ಲ, ಶೇ 33 ಸಾಕು. ಪ್ರತಿ ವಿಷಯದಲ್ಲಿ ಕನಿಷ್ಠ 30 ಇದ್ದು, 625ಕ್ಕೆ ಒಟ್ಟು 206 ಬಂದರೆ ಆಯಿತು.

ಅಂಕ ಇಳಿಸುವ ಈ ನಿರ್ಧಾರ ಸುಮ್ಮನೆ ಬಂದದ್ದಲ್ಲ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. 2025ರಲ್ಲಿ ಆ ಕೃಪಾಂಕವೂ ಇರಲಿಲ್ಲ. ಫಲಿತಾಂಶ ಶೇ 62.34. ನಮ್ಮ ಕಲಬುರಗಿ ಜಿಲ್ಲೆ ಶೇ 42.43 ಪಡೆದು ಕೊನೆಯ ಸ್ಥಾನದಲ್ಲಿತ್ತು.

ಕ್ಯಾಮೆರಾ ಬಂದ ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ. ಚಿಕ್ಕವನಿದ್ದಾಗ ಪರೀಕ್ಷಾ ಕೇಂದ್ರದ ಕಂಪೌಂಡ್ ಹತ್ತಿ ಕಿಟಕಿಗೆ ಚೀಟಿ ಎಸೆಯುತ್ತಿದ್ದವರನ್ನು ನಾನೇ ನೋಡಿದ್ದೇನೆ. ಎಸೆಯುತ್ತಿದ್ದವರು ಅಣ್ಣ, ಕಾಕಾ, ಕೆಲವೊಮ್ಮೆ ಅಪ್ಪ. ಒಳಗಿದ್ದ ಮೇಲ್ವಿಚಾರಕರು ಆಗ ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಇದನ್ನು ಯಾರೂ ಮೋಸ ಎಂದುಕೊಂಡಿರಲಿಲ್ಲ, ಮಕ್ಕಳ ಮೇಲಿನ ಕಾಳಜಿ ಎಂದುಕೊಂಡಿದ್ದರು. ಹತ್ತು ವರ್ಷ ಆಡದೇ ಉಳಿದ ಮಾತನ್ನು ಆ ಚೀಟಿ ಮುಚ್ಚುತ್ತಿತ್ತು.

ದೂರುವ ಅಧಿಕಾರ ನನಗೆ ಎಷ್ಟಿದೆಯೋ ಗೊತ್ತಿಲ್ಲ. ನಾನು 2021ರ ಬ್ಯಾಚು. ಕೊರೊನಾ ಕಾಲದಲ್ಲಿ ಎರಡೇ ದಿನದ ಪರೀಕ್ಷೆ, ಎಲ್ಲ ಬಹು ಆಯ್ಕೆ ಪ್ರಶ್ನೆ, ಹೆಚ್ಚುಕಡಿಮೆ ರಾಜ್ಯದ ಎಲ್ಲರೂ ಪಾಸು. ಮನೆಯಲ್ಲಿ ಪೇಡೆ ಹಂಚಿದ್ದರು. ಬಿಇ ಮೊದಲ ಸೆಮಿಸ್ಟರ್‌ನಲ್ಲಿ ಗಣಿತ ಹೋಯಿತು. ಎರಡನೇ ಸಲವೂ ಹೋಯಿತು. ಮೂರನೇ ಸಲ ಬರೆಯುವ ಮೊದಲು ಹಾಸ್ಟೆಲ್‌ನಲ್ಲಿ ಬಾಗಿಲು ಹಾಕಿಕೊಂಡು ಎಂಟನೇ ತರಗತಿಯ ಪುಸ್ತಕ ಓದಿದೆ. ಗೆಳೆಯರು ನೋಡಿಬಿಟ್ಟಾರೆಂದು ಅದರ ಮೇಲೆ ಸಿಗ್ನಲ್ಸ್ ಪುಸ್ತಕ ಇಟ್ಟುಕೊಳ್ಳುತ್ತಿದ್ದೆ.

ಮರುದಿನ ತಮ್ಮನ ಗಣಿತದ ಸರ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಚಹಾ ಕುಡಿಯುತ್ತಾ ಭಿನ್ನರಾಶಿಯ ವಿಷಯ ಹೇಳಿದೆ. ‘ನನಗ ಗೊತ್ತೈತಪ್ಪಾ. ಎಂಟನೇದಕ್ಕ ಬಂದಾಗ ಅವನಿಗೆ ಭಾಗಾಕಾರಾನೂ ಬರ್ತಿರಲಿಲ್ಲ. ಎಂಟನೇದರ ಪಾಠ ಮುಗಿಸ್ಲೋ, ನಾಕನೇದರಿಂದ ಶುರು ಮಾಡ್ಲೋ?’ ಅಂದರು. ಅಪ್ಪನಿಗೆ ಏಕೆ ಹೇಳಲಿಲ್ಲ ಎಂದರೆ, ‘ಹೇಳಿದ್ರ, ಹಂಗಾದ್ರ ನೀವೇನ್ ಕಲಿಸಿದ್ರಿ ಅಂತಾರ’ ಎಂದು ನಕ್ಕರು. ಕಳೆದ ಸೆಪ್ಟೆಂಬರ್‌ನಲ್ಲಿ ಜಾತಿ ಸಮೀಕ್ಷೆಗೆ ಮನೆಮನೆ ಸುತ್ತಿದ್ದು ಇದೇ ಶಿಕ್ಷಕರು. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಹೋದ ದಿನಗಳನ್ನು ತುಂಬಿಸಲು ಈಗ ಬೆಳಿಗ್ಗೆ ಎಂಟಕ್ಕೇ ವಿಶೇಷ ತರಗತಿ. ಮೇಲಿನವರು ಕೇಳುವುದು ಶೇಕಡಾವಾರು. ಆಗ ಸರ್ ಮಾಡುವುದೂ ಅದನ್ನೇ: ಖಚಿತವಾಗಿ ಬರುವ ಪ್ರಶ್ನೆಗಳ ಪಟ್ಟಿ, ನಕ್ಷೆ, ಪ್ರಮೇಯದ ಬಾಯಿಪಾಠ.

ಅಪ್ಪನ ಮಾತಿನಲ್ಲೂ ತಪ್ಪಿಲ್ಲ. ‘ವರ್ಷಾ ವರ್ಷಾ ಪ್ರಗತಿಪತ್ರದಾಗ ಬಿ ಪ್ಲಸ್ ಅಂತ ಬರದು ನನ್ನ ಸಹಿ ತಗೊಂಡಾರ. ಬರಂಗಿಲ್ಲ ಅಂತ ನನಗ ಹ್ಯಾಂಗ ಗೊತ್ತಾಗಬೇಕು?’ ಅಪ್ಪನಿಗೆ ಶಾಲೆಯಿಂದ ಸಿಗುವ ಮಾಹಿತಿ ಆ ಕಾಗದ ಒಂದೇ.

ಇದಕ್ಕೆ ನಮ್ಮೂರಿನ ಹಲವು ಪಾಲಕರು ಹೇಳುವ ಪರಿಹಾರ: ‘ಐದನೇದಾಗೇ ಫೇಲ್ ಮಾಡ್ರಿ, ಬುದ್ಧಿ ಬರ್ತದ.’ ಶಿಕ್ಷಕರಲ್ಲೂ ಅನೇಕರು ಇದನ್ನೇ ಹೇಳುತ್ತಾರೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಐದು ಮತ್ತು ಎಂಟನೇ ತರಗತಿಯಲ್ಲಿ ಮರುಪರೀಕ್ಷೆಯಲ್ಲೂ ತೇರ್ಗಡೆಯಾಗದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ನಮ್ಮ ರಾಜ್ಯ 5, 8 ಮತ್ತು 9ನೇ ತರಗತಿಗೆ ಬೋರ್ಡ್ ಪರೀಕ್ಷೆ ನಡೆಸಿದಾಗ ವಿಷಯ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತ್ತು.

ಫೇಲ್ ಮಾಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಕಾರಣ ಅಪ್ಪನೇ. ಅವರ ಕಾಲದಲ್ಲಿ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಅದರಲ್ಲಿ ಫೇಲಾದರು, ಎತ್ತು ಹಿಡಿದರು, ಮತ್ತೆ ಶಾಲೆಯ ಕಡೆ ಹೋಗಲಿಲ್ಲ. ಅವರಿಗೆ ಯಾವ ಪಾಠ ಬಂದಿರಲಿಲ್ಲ ಎಂದು ಆಗಲೂ ಯಾರೂ ಕುಳಿತು ನೋಡಿರಲಿಲ್ಲ. ಫೇಲ್ ಎನ್ನುವುದೂ ಬಿ ಪ್ಲಸ್‌ನಂತೆ ಕಾಗದದ ಮೇಲಿನ ಒಂದು ಗುರುತಷ್ಟೇ ಆಗಿತ್ತು. ಈಗ ಮಾಡುತ್ತಿರುವ 35ರಿಂದ 33ಕ್ಕೆ ಇಳಿಸುವ ಕೆಲಸವೂ ಆ ಗುರುತನ್ನೇ ತಿದ್ದುತ್ತದೆ. ಎರಡು ಅಂಕದಿಂದ ಒಂದಿಷ್ಟು ಮಕ್ಕಳು ಪಿಯುಸಿ, ಐಟಿಐ, ಡಿಪ್ಲೊಮಾ ಮುಟ್ಟುತ್ತಾರೆ, ಅದನ್ನು ಬೇಡ ಎನ್ನಲಾರೆ. ಅಲ್ಲಿ ಅವರಿಗೆ ಕಾದಿರುವುದು ನನಗೆ ಮೊದಲ ಸೆಮಿಸ್ಟರ್‌ನಲ್ಲಿ ಕಾದಿದ್ದೇ.

ಒಂದೇ ಒಂದು ಬದಲಾವಣೆ ಕೇಳುವುದಾದರೆ ನಾಲ್ಕನೇ ತರಗತಿಯ ಪಾಲಕರ ಸಭೆಯಲ್ಲಿ ಕೇಳುತ್ತೇನೆ. ಎ, ಬಿ ಬಿಟ್ಟು ‘ಇವನಿಗೆ ಭಾಗಾಕಾರ ಬರುವುದಿಲ್ಲ, ಈ ಎರಡು ತಿಂಗಳು ಅದನ್ನೇ ಕಲಿಸುತ್ತೇವೆ’ ಎಂದು ಬರೆದುಕೊಡಲಿ. ಹಾಗೆ ಬರೆದ ಶಿಕ್ಷಕರಿಗೆ ನೋಟಿಸ್ ಬರದಿರಲಿ, ಪಾಲಕರೂ ಜಗಳಕ್ಕೆ ನಿಲ್ಲದಿರಲಿ. ಕೊನೆಯದೇ ಕಷ್ಟ, ನಮ್ಮ ಮನೆಯನ್ನೂ ಸೇರಿಸಿ ಹೇಳುತ್ತಿದ್ದೇನೆ. ತಮ್ಮನಿಗೆ ಭಿನ್ನರಾಶಿ ಬರುವುದಿಲ್ಲ ಎಂದು ನಾನು ಹೇಳಿದಾಗ ಅಪ್ಪ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಹಾಸ್ಟೆಲ್‌ಗೆ ಮರಳಿದ ಮೇಲೆ ರೋಜು ರಾತ್ರಿ ಒಂಬತ್ತಕ್ಕೆ ವಿಡಿಯೊ ಕಾಲ್ ಮಾಡಿ ತಮ್ಮನಿಗೆ ಹತ್ತು ಭಿನ್ನರಾಶಿ ಲೆಕ್ಕ ಕೊಡುತ್ತಿದ್ದೇನೆ. ನಿನ್ನೆ ಏಳು ಸರಿ ಬಂದವು. ‘ಮನ್ಯಾಗ ಮೊಬೈಲ್ ಕೊಡಬ್ಯಾಡ್ರಿ’ ಎಂದಿದ್ದ ಸರ್‌ಗೆ ಅಪ್ಪನೇ ಫೋನ್ ಮಾಡಿ, ರಾತ್ರಿ ಅರ್ಧ ತಾಸು ಮಾತ್ರ ಕೊಡ್ತೀವ್ರೀ ಎಂದು ತಿಳಿಸಿದ್ದಾರೆ.