ಬಿಸಾಡುವ ಮುನ್ನ ಒಂದು ಮಾತು

ಕರೆಂಟು ಹೋದಾಗ ಇರಲೆಂದು ನಮ್ಮ ಕಛೇರಿಯಲ್ಲಿ ಚಾರ್ಜ್ ಮಾಡುವ ಸಣ್ಣ ದೀಪವೊಂದನ್ನು ಇಟ್ಟಿದ್ದೇವೆ. ಮೊನ್ನೆ ಅದು ಚಾರ್ಜ್ ಆಗದಾಯಿತು. ಪಿನ್ನು ಸಿಕ್ಕಿಸುವ ಬಾಯಿ ಅಲುಗಾಡುತ್ತಿತ್ತು. ಕೊಂಡ ಅಂಗಡಿಗೆ ಒಯ್ದರೆ, ಇದಕ್ಕೆ ರಿಪೇರಿಯಿಲ್ಲ, ನಾನೂರು ರೂಪಾಯಿಗೆ ಹೊಸದು ಸಿಗುತ್ತದೆ ಎಂಬ ಉತ್ತರ ಬಂದಿತು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಒಬ್ಬ ಕುಶಲಕರ್ಮಿ ಅದನ್ನು ಬಿಚ್ಚಿ, ಹಳೆಯ ಸಾಕೆಟ್ಟನ್ನು ಕಿತ್ತು, ಹೊಸದನ್ನು ಬೆಸುಗೆ ಹಾಕಿ, ಎಂಬತ್ತು ರೂಪಾಯಿ ಪಡೆದರು. ದೀಪ ಈಗ ಉರಿಯುತ್ತಿದೆ.

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಇಂಥದೇ ದೀಪವೊಂದು ಒಬ್ಬ ಮಾಣಿಯ ಕೈಯಲ್ಲಿ ಕೆಟ್ಟಿತು. ಅದರ ಬೆಲೆಯನ್ನು ನಾವು ಆತನ ಸಂಬಳದಲ್ಲಿ ಹಿಡಿದುಕೊಂಡೆವು. ದುರಸ್ತಿಯಾದೀತೇ ಎಂದು ಯಾರನ್ನೂ ಕೇಳಲಿಲ್ಲ. ಅಡಿಗೆಮನೆಯ ತಾಮ್ರದ ಹಂಡೆಗೆ ಕಲಾಯಿ ಹೋದರೆ ಕಲಾಯಿಯವನನ್ನು ಕರೆಸುತ್ತಿದ್ದ ನಮಗೆ, ದೀಪದ ವಿಷಯದಲ್ಲಿ ಆ ಬುದ್ಧಿ ಹೊಳೆಯಲಿಲ್ಲ. ಎಂಬತ್ತು ರೂಪಾಯಿಯ ಕೆಲಸವೆಂದು ತಿಳಿದ ಮೇಲೆ, ಅಂದು ನಾವು ಮಾಡಿದ್ದು ಅನ್ಯಾಯವೆಂದು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಟಾರ್ಚು, ಸಣ್ಣ ಫ್ಯಾನು, ಗಡ್ಡ ಕತ್ತರಿಸುವ ಟ್ರಿಮ್ಮರು, ಇವು ಕೋಣೆ ಹಂಚಿಕೊಂಡಿರುವ ನಮ್ಮ ಬಂಧುಗಳ ಸಂಸಾರದ ಸಾಮಾನುಗಳು. ಇವು ಕೆಟ್ಟವೆನಿಸಿದಾಗ ಕೆಲವು ಸಂಗತಿಗಳನ್ನು ನೆನಪಿಡಬೇಕು. ಮೊದಲು ಕೇಬಲು ಬದಲಿಸಿ ನೋಡಿರಿ. ಎರಡು ತುದಿಯೂ ಟೈಪ್-ಸಿ ಆಗಿರುವ ಕೇಬಲಿನಿಂದ ಕೆಲವು ಅಗ್ಗದ ಸಾಧನಗಳು ಚಾರ್ಜ್ ಆಗುವುದಿಲ್ಲ. ಅವುಗಳೊಳಗೆ ಇರಬೇಕಾದ ಎರಡು ಸಣ್ಣ ರೆಸಿಸ್ಟರುಗಳನ್ನು ತಯಾರಕರು ಹಾಕಿರುವುದಿಲ್ಲ. ಹಳೆಯ ಅಗಲ ಪಿನ್ನಿನ ಕೇಬಲಿನಿಂದ ಅವೇ ಚಾರ್ಜ್ ಆಗುತ್ತವೆ. ಅನಂತರ, ಸಾಧನವನ್ನು ಆರಿಸಿ, ಬಾಯಿಯಲ್ಲಿ ಸೇರಿದ ಧೂಳನ್ನು ಒಣಗಿದ ಮರದ ಕಡ್ಡಿಯಿಂದ ಮೆಲ್ಲನೆ ತೆಗೆಯಿರಿ, ಸೂಜಿ ಬೇಡ. ಬಾಯಿ ಅಲುಗಾಡಿದರೆ ಬೆಸುಗೆ ಬಿಟ್ಟಿದೆಯೆಂದೇ ತಿಳಿದು ಬಲ್ಲವರ ಕೈಗೆ ಕೊಡಿರಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್ ಮಾಡಲೂ ಬೇಡಿ, ಚುಚ್ಚಲೂ ಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವುಂಟು.

ಕೇಂದ್ರ ಸರಕಾರವು 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯನ್ನು ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕಾಗಿ ಒಂದು ಜಾಲತಾಣವನ್ನೂ ತೆರೆಯಿತು. ಸಂತೋಷ. ಆದರೆ ಬಡವನು ಕೊಳ್ಳುವ ದೀಪದ ಮೇಲೆ ಅನೇಕ ವೇಳೆ ತಯಾರಕರ ಹೆಸರೇ ಇರುವುದಿಲ್ಲ. ಹೆಸರಿಲ್ಲದವನಲ್ಲಿ ಹಕ್ಕು ಕೇಳುವುದೆಂತು? ಬಿಚ್ಚಲು ಬಾರದಂತೆ ಅಂಟು ಹಾಕಿದ ಪೆಟ್ಟಿಗೆಗೆ ಯಾವ ಸಮಿತಿಯ ಶಿಫಾರಸು ಏನು ಮಾಡೀತು? ತಯಾರಕರ ಹೆಸರು, ಬಿಚ್ಚಲು ತಿರುಪು, ಬದಲಿಸಲು ಬಿಡಿಭಾಗ, ಈ ಮೂರೂ ಇಲ್ಲದ ಮಾಲು ಮಾರಾಟಕ್ಕೆ ಬರಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕಾನೂನು ಬರುವವರೆಗೆ ನಾವು ಕಾಯಬೇಕಾಗಿಲ್ಲ. ಹೋಟೆಲು ಮಾಲಿಕ ಮಿತ್ರರಲ್ಲಿ ನಮ್ಮದೊಂದು ವಿನಂತಿ: ಸಾಮಾನು ಕೆಟ್ಟಿತೆಂದು ಕೆಲಸಗಾರನ ಸಂಬಳಕ್ಕೆ ಕೈ ಹಾಕಬೇಡಿ, ಮೊದಲು ದುರಸ್ತಿಯವನನ್ನು ಕೇಳಿ. ಉಳಿದ ಹಣ ಊರಿನ ಯಾವುದೋ ಮನೆಯ ಅಕ್ಕಿಗೆ ಸಂದೀತು. ನಾವು ಸಂಬಳ ಹಿಡಿದ ಆ ಮಾಣಿ ಈಗ ಎಲ್ಲಿರುವನೋ ತಿಳಿಯದು. ಈ ಸಾಲುಗಳು ಆತನ ಕಣ್ಣಿಗೆ ಬಿದ್ದರೆ ನಮ್ಮ ಕಛೇರಿಗೆ ಬರಲಿ. ಹಿಡಿದ ಹಣವನ್ನು ಹಿಂದಿರುಗಿಸಲು ಸಿದ್ಧರಿದ್ದೇವೆ.