ಮೆದುಳಲ್ಲಿ ಕನ್ನಡ ಎಲ್ಲಿದೆ?

ಮೆದುಳಿನ ಗಡ್ಡೆ ತೆಗೆಯುವಾಗ ಕೆಲವರನ್ನು ಆಪರೇಷನ್ ಮಧ್ಯದಲ್ಲೇ ಎಚ್ಚರಿಸಿ ಮಾತಾಡಿಸ್ತಾರೆ. ಕೇಳಿದ್ರೆ ಮೈ ಜುಮ್ಮೆನ್ನುತ್ತೆ, ಅಲ್ವಾ? ಆದ್ರೆ ಮೆದುಳಿಗೆ ಸ್ವತಃ ನೋವು ಗೊತ್ತಾಗಲ್ಲ. ನೋವಾಗೋದು ತಲೆಯ ಚರ್ಮ ಮತ್ತು ಮೆದುಳಿನ ಹೊದಿಕೆಗೆ. ಅಲ್ಲಿಗೆ ಮರಗಟ್ಟಿಸುವ ಔಷಧ ಕೊಟ್ಟಿರ್ತಾರೆ.

ಯಾಕಿಷ್ಟು ಸಾಹಸ? ನಾವು ಸಾಫ್ಟ್‌ವೇರ್‌ನವರು ಹಳೇ ಕೋಡನ್ನು ಕಣ್ಮುಚ್ಚಿ ಡಿಲೀಟ್ ಮಾಡಲ್ಲ. ಮೊದಲು ಅದನ್ನು ಆಫ್ ಮಾಡಿ, ಏನು ನಿಲ್ಲುತ್ತೆ ಅಂತ ನೋಡ್ತೀವಿ. ಇಲ್ಲೂ ಅದೇ ಲೆಕ್ಕ. ಸರ್ಜನ್ ಒಂದು ಜಾಗಕ್ಕೆ ಸಣ್ಣ ಕರೆಂಟ್ ಮುಟ್ಟಿಸಿದರೆ ಆ ಜಾಗದ ಕೆಲಸ ಕೆಲವು ಕ್ಷಣ ತಡೆಯುತ್ತೆ. ಅದೇ ಹೊತ್ತಿಗೆ ರೋಗಿಗೆ ಛತ್ರಿ, ಕುರ್ಚಿ, ಹಸುವಿನ ಚಿತ್ರ ತೋರಿಸಿ ಹೆಸರು ಕೇಳ್ತಾರೆ. ಮಾತು ತಡವರಿಸಿದ್ರೆ ಅಲ್ಲೊಂದು ನಂಬರ್ ಚೀಟಿ ಇಡ್ತಾರೆ. ಆ ಜಾಗವನ್ನು ಉಳಿಸಲೇಬೇಕು. ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಸುಮಾರು 90 ವರ್ಷದ ಹಿಂದೆಯೇ ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ಹೀಗೆ ಮೆದುಳಿನ ನಕ್ಷೆ ಬರೆಯುತ್ತಿದ್ದರು.

ಪುಸ್ತಕದ ಚಿತ್ರ ನೋಡ್ಕೊಂಡು ಕತ್ತರಿಸಿದ್ರೆ ಸಾಲದಾ? ಸಾಲದು. ಸಿಯಾಟಲ್‌ನ ಜಾರ್ಜ್ ಓಜೆಮನ್ ತಂಡ 1989ರಲ್ಲಿ 117 ರೋಗಿಗಳ ನಕ್ಷೆ ಪ್ರಕಟಿಸಿತು. ಮಾತಿನ ಜಾಗ ಒಬ್ಬರಿಂದ ಒಬ್ಬರಿಗೆ ತುಂಬಾ ಬೇರೆ ಇತ್ತು. ಅದಕ್ಕೂ ಮುಂಚೆ, 1978ರಲ್ಲಿ, ಎರಡು ಭಾಷೆ ಬಲ್ಲವರನ್ನು ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಸಿಕ್ಕಿತ್ತು: ಕೆಲವು ಜಾಗ ಮುಟ್ಟಿದ್ರೆ ಎರಡೂ ಭಾಷೆ ತಡವರಿಸುತ್ತೆ, ಇನ್ನು ಕೆಲವು ಕಡೆ ಒಂದೇ ಭಾಷೆ.

ಇದು ನಮಗೆ ನೇರವಾಗಿ ತಟ್ಟುವ ವಿಷಯ. ಮನೇಲಿ ತುಳು, ಬೀದೀಲಿ ಕನ್ನಡ, ಆಫೀಸಲ್ಲಿ ಇಂಗ್ಲಿಷ್ ಅನ್ನೋರು ನಮ್ಮಲ್ಲಿ ಎಷ್ಟು ಜನ! ಬರೀ ಇಂಗ್ಲಿಷಲ್ಲಿ ಪರೀಕ್ಷೆ ಮಾಡಿದ್ರೆ ಕನ್ನಡದ ಜಾಗ ನಕ್ಷೆಗೆ ಬರದೇ ಹೋಗಬಹುದು.

ಹಾಗಾಗಿ ನಿಮ್ಮವರಿಗೆ ಇಂಥ ಆಪರೇಷನ್ ಹೇಳಿದ್ರೆ ಸರ್ಜನ್ ಹತ್ರ ಕೇಳಿ: ಮಾತಿನ ನಕ್ಷೆ ಬೇಕಾಗುತ್ತಾ? ಯಾವ ಭಾಷೆಯಲ್ಲಿ ಪರೀಕ್ಷೆ ಮಾಡ್ತೀರಿ? ಎಲ್ಲರಿಗೂ ಇದು ಬೇಕಿಲ್ಲ. ಗಡ್ಡೆ ಎಲ್ಲಿದೆ, ರೋಗಿ ಎಚ್ಚರವಾಗಿದ್ದು ಸಹಕರಿಸಬಲ್ಲರಾ ಅನ್ನೋದರ ಮೇಲೆ ಡಾಕ್ಟರ್ ನಿರ್ಧರಿಸ್ತಾರೆ. ನಕ್ಷೆ ಇದ್ರೂ ಆಮೇಲೆ ಕೆಲವು ವಾರ ಮಾತು ತೊದಲಬಹುದು, ಸ್ಪೀಚ್ ಥೆರಪಿ ಬೇಕಾಗಬಹುದು.

ಆದ್ರೆ ಅಮ್ಮ ಯಾರ ಜೊತೆ ಯಾವ ಭಾಷೆ ಆಡ್ತಾರೆ ಅನ್ನೋದು ಯಾವ ಸ್ಕ್ಯಾನಲ್ಲೂ ಕಾಣಲ್ಲ. ಅದನ್ನು ಮನೆಯವರೇ ಬರೆದು ಕೊಡಬೇಕು.